ನಾಯಿಯ ಭಾವನೆಯನ್ನು ತಜ್ಞರು ಯಾವ ಆಧಾರದ ಮೇಲೆ ಗುರುತಿಸುತ್ತಾರೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ನಮ್ಮ ಮನೆಯಲ್ಲಿ ಒಂದು ಮುಧೋಳ ನಾಯಿಯಿದೆ. ಚಪ್ಪಲಿ ಕಡಿದು ಹಾಕಿದ ದಿನ ನಾನು ಒಳಗೆ ಬಂದೊಡನೆ ಅದು ತಲೆ ತಗ್ಗಿಸಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ಓರೆಗಣ್ಣಿನಿಂದ ನೋಡುತ್ತದೆ. ಮಾಡಿದ ತಪ್ಪು ಅದಕ್ಕೆ ಗೊತ್ತಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಗಣೇಶ ಚತುರ್ಥಿಯ ಪಟಾಕಿಯ ಸದ್ದಿಗೂ ಇದೇ ಭಂಗಿ. ಹಾಗಾದರೆ ಪಶ್ಚಾತ್ತಾಪವನ್ನೂ ಭಯವನ್ನೂ ಪ್ರಾಣಿವರ್ತನೆಯ ತಜ್ಞರು ಬೇರ್ಪಡಿಸುವುದು ಹೇಗೆ?

ಉತ್ತರ (ಸಪ್ತಾಪುರ, ಧಾರವಾಡ):
ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಪಟಾಕಿ ಸಿಡಿದದ್ದಕ್ಕೆ ನಾಯಿ ಪಶ್ಚಾತ್ತಾಪ ಪಡಬೇಕಾಗಿಲ್ಲವಷ್ಟೆ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಡವೆಂದು ಹೇಳಿಟ್ಟ ತಿನಿಸನ್ನು ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಮಾಲೀಕರಿಗೆ ಕೆಲವೊಮ್ಮೆ ತಪ್ಪಾಗಿ ತಿಳಿಸಲಾಗಿತ್ತು. ಆ ‘ತಪ್ಪಿತಸ್ಥ’ ಮುಖ ಹೆಚ್ಚಾಗಿ ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ. ತಿಂದದ್ದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಆದ್ದರಿಂದ ತಜ್ಞರು ಈ ಭಂಗಿಯನ್ನು ಎದುರಿನವರ ಕೋಪ ತಣಿಸುವ ವರ್ತನೆಯೆಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಉತ್ತರ (ಗದಗ):
ಬಾಲವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಮುಧೋಳ ತಳಿಯ ನಾಯಿ ನಿರಾಳವಾಗಿದ್ದಾಗಲೂ ಬಾಲವನ್ನು ಕೆಳಗೇ ಇಟ್ಟುಕೊಳ್ಳುತ್ತದೆ; ಹೀಗಾಗಿ ಆ ನಾಯಿಯ ನಿತ್ಯದ ನಿಲುವು ಯಾವುದು, ಅದು ಯಾವ ಸಂದರ್ಭದಲ್ಲಿ ಬದಲಾಯಿತು ಎಂಬುದು ಮುಖ್ಯವಾಗುತ್ತದೆ. ತಜ್ಞರು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ: ಮೈ ಎಷ್ಟು ಉದ್ರೇಕಗೊಂಡಿದೆ, ಆ ಅನುಭವ ನಾಯಿಗೆ ಹಿತವೋ ಅಹಿತವೋ. ಬೆನ್ನಿನ ರೋಮ ನಿಮಿರುವುದು ಉದ್ರೇಕವನ್ನಷ್ಟೇ ತಿಳಿಸುತ್ತದೆ. ಜನ ಅದನ್ನು ಸಿಟ್ಟೆಂದೇ ಭಾವಿಸುತ್ತಾರೆ, ಆದರೆ ಆಟದ ಭರದಲ್ಲೂ ಅದು ನಿಮಿರುವುದುಂಟು. ಮೈ ಸಡಿಲವಾಗಿ ಸೊಂಟದವರೆಗೂ ಬಳುಕುವಂತೆ ಬಾಲ ಅಲ್ಲಾಡಿದರೆ ಸಂತೋಷ; ಮೈ ಬಿಗಿದು, ಬಾಯಿ ಮುಚ್ಚಿ, ಎತ್ತಿದ ಬಾಲದ ತುದಿ ಮಾತ್ರ ಅಲುಗುತ್ತಿದ್ದರೆ ದೂರವಿರುವುದು ಲೇಸು. ಭಯವಾದಾಗ ಮೈಭಾರ ಹಿಂಗಾಲಿಗೆ ಸರಿಯುತ್ತದೆ, ಕಿವಿಗಳು ಹಿಂದಕ್ಕೆ ಒತ್ತಿಕೊಳ್ಳುತ್ತವೆ, ಕಣ್ಣಿನ ಬಿಳಿಭಾಗ ಕಾಣುತ್ತದೆ. ಅದಕ್ಕೂ ಮೊದಲು, ಎದುರಿಗೆ ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು ಮತ್ತು ನಿದ್ದೆ ಬಾರದಿದ್ದರೂ ಆಕಳಿಸುವುದು ಆತಂಕದ ಸೂಚನೆಗಳಾಗಿರಬಹುದು.

ಪ್ರಶ್ನೆ ಕೇಳಿದವರು:
ಆದರೆ ನಮ್ಮ ನಾಯಿ ನಾನು ಬೈಯುವ ಮೊದಲೇ ತಲೆ ತಗ್ಗಿಸುತ್ತದೆಯಲ್ಲ?

ಉತ್ತರ (ಸಪ್ತಾಪುರ, ಧಾರವಾಡ):
ನೆಲದ ಮೇಲೆ ಚೂರುಗಳಿರುವಾಗ ನೀವು ಬಂದರೆ ಬೈಗುಳ ಬೀಳುತ್ತದೆ ಎಂಬುದನ್ನು ಅದು ಕಲಿತಿರಬಹುದು. ನಾಯಿ ಬೇರೆ ಕೋಣೆಯಲ್ಲಿರುವಾಗ ಹಳೆಯ ಚಪ್ಪಲಿಯೊಂದನ್ನು ಮನೆಯವರೇ ಹರಿದು ಹಾಕಲಿ. ಆಮೇಲೆ ನೀವು ಹೊರಗಿನಿಂದ ಬಂದು, ಏನೂ ಅನ್ನದೆ ಅದರ ನಿಲುವನ್ನು ಗಮನಿಸಿ. ತಾನು ಮುಟ್ಟದ ಚಪ್ಪಲಿಯ ಎದುರಿಗೂ ಅದು ಮುದುಡಿದರೆ ಪಶ್ಚಾತ್ತಾಪದ ಮಾತನ್ನು ಕೈಬಿಡಬಹುದು. ಈ ಭಂಗಿ ಯಾವ ಕಾರಣವೂ ಇಲ್ಲದೆ ಹೊಸದಾಗಿ ಕಾಣಿಸಿಕೊಂಡರೆ ಮಾತ್ರ ಮೊದಲು ಪಶುವೈದ್ಯರಿಗೆ ತೋರಿಸಿ, ಏಕೆಂದರೆ ನೋವಿನಿಂದಲೂ ನಾಯಿ ಹೀಗೆಯೇ ಮುದುಡುತ್ತದೆ.