ತೋಟದ ಮನೆ ಗುಂಪಿನಲ್ಲಿ ಮನುಸ್ಮೃತಿ

ಹೊಸನಗರ ದೊಡ್ಡಪ್ಪ: "ಯತ್ರ ನಾರ್ಯಸ್ತು ಪೂಜ್ಯಂತೇ ರಮಂತೇ ತತ್ರ ದೇವತಾಃ. ವೇದದ ಈ ಮಾತನ್ನು ಮರೆತದ್ದಕ್ಕೇ ಮನೆಗಳು ಒಡೆಯುತ್ತಿವೆ. ಕೋರ್ಟು ಕಚೇರಿ ಬೇಡ, ಋಷಿಗಳ ಕಟ್ಟಳೆ ಸಾಕು." ಬಂದದ್ದನ್ನು ಕಳುಹಿಸಿದ್ದೇನೆ, ಮಕ್ಕಳಿಗೂ ಓದಿ ಹೇಳಿ.

ತೀರ್ಥಹಳ್ಳಿ ಅಕ್ಕ: 🙏🙏🙏

ಬೆಂಗಳೂರು ಭಾವ: ಯಾವ ವೇದ ಮಾವ? ಹೆಣ್ಣನ್ನು ಪೂಜಿಸುವಲ್ಲಿ ದೇವತೆಗಳು ಸಂತೋಷದಿಂದಿರುತ್ತಾರೆ ಎನ್ನುವ ಇದು ಮನುಸ್ಮೃತಿಯ ಮೂರನೆಯ ಅಧ್ಯಾಯದ 56ನೆಯ ಶ್ಲೋಕ. ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಎಂದು ಒಂಬತ್ತನೆಯ ಅಧ್ಯಾಯದಲ್ಲಿದೆ. ಅದನ್ನೂ ಮಕ್ಕಳಿಗೆ ಓದಿ ಹೇಳಬೇಕೇ?

ದೊಡ್ಡಪ್ಪ: ಹಿರಿಯರ ಎದುರು ತಗ್ಗಿ ಮಾತನಾಡಬೇಕೆಂದೂ ಅದೇ ಶಾಸ್ತ್ರ ಹೇಳಿದೆ. ಹೋದ ಚೌತಿಗೆ ಊರಿಗೆ ಬರಲು ನಿನಗೆ ಪುರುಸೊತ್ತಿರಲಿಲ್ಲ.

ಭಾವ: ಚೌತಿಗೂ ಶ್ಲೋಕಕ್ಕೂ ಏನು ಸಂಬಂಧ?

ಅಕ್ಕ: ಊರು ಎಂದಾಕ್ಷಣ ಅಡಿಕೆ ಸುಲಿಯುವ ರಾತ್ರಿಗಳೇ ನೆನಪಾಗುತ್ತವೆ. ಸಾಲಾಗಿ ಮೆಟ್ಟುಗತ್ತಿ, ಅಜ್ಜಿಯ ಕಥೆ, ನಡುರಾತ್ರಿಯ ಬೆಲ್ಲದ ಕಾಫಿ. ಅತ್ತೆಯಷ್ಟು ಚುರುಕಾಗಿ ಸುಲಿಯುವವರು ಬೇರೆ ಯಾರೂ ಇರಲಿಲ್ಲ.

ಸಾಗರ ಅತ್ತೆ: ಸುಲಿದವಳು ನಾನು. ತೋಟದಲ್ಲಿ ನನಗೊಂದು ಮರವೂ ಬರಲಿಲ್ಲ.

ದೊಡ್ಡಪ್ಪ: ಮದುವೆಯ ಖರ್ಚು ಹೊತ್ತವರು ಯಾರು? ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೂ ನೀನೇ.

ಅತ್ತೆ: ಹಾಕದಿದ್ದರೆ ತವರಿನ ದಾರಿ ಮರೆತುಬಿಡು ಎಂದವರು ಯಾರು, ಅಣ್ಣಯ್ಯ?

ನಾನು: ದೊಡ್ಡಪ್ಪ, ಬೇಸರಿಸಬೇಡಿ. ಋಷಿಗಳ ಕಟ್ಟಳೆಯೇ ಸಾಕೆಂದರೆ ಅದೇ ಒಂಬತ್ತನೆಯ ಅಧ್ಯಾಯದ 118ನೆಯ ಶ್ಲೋಕ ನೋಡಿ. ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲಿನ ಕಾಲುಭಾಗವನ್ನು ಮದುವೆಯಾಗದ ಸೋದರಿಯರಿಗೆ ಕೊಡಬೇಕು, ಕೊಡಲೊಲ್ಲದವರು ಪತಿತರು ಎನ್ನುತ್ತದೆ. ಅಜ್ಜ ತೀರಿಕೊಂಡಾಗ ಅತ್ತೆಗೆ ಮದುವೆಯಾಗಿರಲಿಲ್ಲ. ಆ ಕಾಲುಭಾಗವೆಂದರೆ ಮದುವೆಯ ಖರ್ಚಷ್ಟೇ ಎಂಬ ವಾದ ಹಿಂದೆಯೇ ಇತ್ತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಅದನ್ನು ಒಪ್ಪದೆ, ಅದು ಅವಳ ಪಾಲೇ ಎಂದ. ಇದು ಕನ್ನಡ ನೆಲದಲ್ಲೇ ಹುಟ್ಟಿದ ಶಾಸ್ತ್ರ. ನಾವು ಅಷ್ಟನ್ನೂ ಕೊಡಲಿಲ್ಲ.

ನನಗಂತೂ ಕಾಲುಭಾಗ ಸಾಲದು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಹೇಳಿತು, ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ 2005ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಹಳೆಯ ಗ್ರಂಥದಿಂದ ಪೂಜೆಯ ಸಾಲನ್ನು ಎತ್ತಿಕೊಂಡು ಪಾಲಿನ ಸಾಲನ್ನು ಮುಚ್ಚಿಡುವುದು ಯಾವ ಧರ್ಮ?

ದೊಡ್ಡಪ್ಪ: ಇದನ್ನೆಲ್ಲ ನಿನಗೆ ಹೇಳಿಕೊಟ್ಟವನು ನಿನ್ನ ಅಪ್ಪ ತಾನೇ?

ಅಕ್ಕ: ಅಪ್ಪನಿಗೆ ರಕ್ತದೊತ್ತಡವಿದೆ. ದಯವಿಟ್ಟು ವಿಷಯ ಬದಲಿಸಿ.

ಭಾವ: ಮಾವ, ವಿಜ್ಞಾನೇಶ್ವರನಿಗೆ ಉತ್ತರ?

ಅತ್ತೆ: ಉತ್ತರ ಆಮೇಲೆ ಕೊಡಲಿ. ಆ ಬಿಡುಗಡೆ ಪತ್ರದ ನಕಲು ನನ್ನ ಬಳಿ ಇಲ್ಲ. ಯಾರಲ್ಲಿದೆಯೋ ಅವರು ಫೋಟೋ ತೆಗೆದು ಇಲ್ಲಿಯೇ ಹಾಕಿ.