ಸೋರಿಯಾಸಿಸ್‌ಗೆ ಶುಗರ್ ಗುಳಿಗಿ ನುಂಗಬಹುದೇನ್ರಿ?

ಪ್ರಶ್ನೆ (ಸಿಂಧನೂರು): ನಮಸ್ಕಾರ ಮೇಡಮ್ಮೋರ. ನಮ್ಮಣ್ಣಗ ಮೊಣಕೈ, ಮೊಣಕಾಲು, ತಲಿ ತುಂಬ ಸೋರಿಯಾಸಿಸ್ ಐತ್ರಿ. ಕೆರಕೊಂಡ್ರ ಬೆಳ್ಳನ ಹೊಟ್ಟು ಉದುರ್ತದ. ಶುಗರ್ ಇಲ್ಲ. ನಮ್ಮ ಸೋದರಮಾವಗ ಶುಗರಿಗೆ ಪಿಯೋಗ್ಲಿಟಜೋನ್ ಗುಳಿಗಿ ಕೊಟ್ಟಾರ. ಅದು ಸೋರಿಯಾಸಿಸ್‌ಗೂ ಆಗ್ತದಂತ ವಾಟ್ಸಾಪ್‌ನಾಗ ಬಂದದ. ಮಾವನ ಗುಳಿಗಿನೇ ಅಣ್ಣಗ ಕೊಡಬಹುದೇನ್ರಿ?

ಉತ್ತರ (ಚರ್ಮರೋಗ ವೈದ್ಯೆ, ಬಳ್ಳಾರಿ): ಕೊಡಬ್ಯಾಡ್ರಿ. ಆದ್ರೆ ಸುದ್ದಿ ಪೂರ್ತಿ ಸುಳ್ಳಲ್ಲ, ವಾಟ್ಸಾಪ್‌ನಲ್ಲಿ ಇದು ಅಪರೂಪ. ಸೋರಿಯಾಸಿಸ್‌ನಲ್ಲಿ ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ನಾಲ್ಕೈದು ದಿನಕ್ಕೇ ಬೆಳೆದು ಉದುರುತ್ತದೆ. ಪಿಯೋಗ್ಲಿಟಜೋನ್ ಆ ಓಟವನ್ನೂ ಒಳಗಿನ ಉರಿಯೂತವನ್ನೂ ತಗ್ಗಿಸೀತೆಂದು ಚಂಡೀಗಢದ ದೊಡ್ಡ ವೈದ್ಯಕೀಯ ಸಂಸ್ಥೆ ಪಿಜಿಐನವರು ಪರೀಕ್ಷೆ ಮಾಡಿದ್ರು. ಕೆಲವರಿಗೆ 15, ಕೆಲವರಿಗೆ 30 ಮಿಲಿಗ್ರಾಂ, ಉಳಿದವರಿಗೆ ಔಷಧ ಇಲ್ಲದ ಖಾಲಿ ಗುಳಿಗೆ, ಹೀಗೆ 10 ವಾರ. ಔಷಧ ತಗೊಂಡವರ ಚರ್ಮ ಹೆಚ್ಚು ಸುಧಾರಿಸಿತ್ತು. ಇದು 2005ರಲ್ಲಿ ಪ್ರಕಟವಾಯ್ತು. ಆದರೆ ಸಣ್ಣ ಪರೀಕ್ಷೆ ಅದು. ಅದೇ ಜಾತಿಯ ರೋಸಿಗ್ಲಿಟಜೋನನ್ನು ದೊಡ್ಡದಾಗಿ ಪರೀಕ್ಷಿಸಿದಾಗ ಖಾಲಿ ಗುಳಿಗೆಯನ್ನು ಮೀರಿಸಲಿಲ್ಲ.

ಪಿಯೋಗ್ಲಿಟಜೋನ್‌ನಿಂದ ಕಾಲು ಬಾಯಬಹುದು, ತೂಕ ಏರಬಹುದು, ಹೃದಯದ ಬಲ ಕುಂದಿದವರಿಗಂತೂ (ಹಾರ್ಟ್ ಫೇಲ್ಯೂರ್) ಅಪಾಯ. ಮೂತ್ರಕೋಶದ ಕ್ಯಾನ್ಸರ್ ಭಯಕ್ಕೆ ಕೇಂದ್ರ ಸರ್ಕಾರ 2013ರ ಜೂನ್‌ನಲ್ಲಿ ನಿಷೇಧಿಸಿ, ಮುಂದಿನ ತಿಂಗಳೇ ಎಚ್ಚರಿಕೆ ಮುದ್ರಿಸುವ ಷರತ್ತಿನ ಮೇಲೆ ಬಿಟ್ಟಿತು. ಶುಗರ್, ಸೋರಿಯಾಸಿಸ್ ಎರಡೂ ಇದ್ದವರಿಗೆ ಡಾಕ್ಟರು ಯೋಚಿಸಿ ಬರೆಯಬಹುದು. ನಿಮ್ಮಣ್ಣ ಆ ಲೆಕ್ಕಕ್ಕೆ ಬರಲ್ಲ.

ಗಂಗಾವತಿಯಿಂದ ಇನ್ನೊಬ್ರು: ತೂಕ ಇಳಿಸೋ ಶುಗರ್ ಇಂಜೆಕ್ಷನ್ ಆಗ್ತದೇನ್ರಿ?

ಉತ್ತರ: ಡೆನ್ಮಾರ್ಕ್‌ನಲ್ಲಿ ಶುಗರ್ ಇಲ್ಲದ, ತೂಕ ಜಾಸ್ತಿ ಇದ್ದ 20 ಸೋರಿಯಾಸಿಸ್ ರೋಗಿಗಳ ಮೇಲೆ ಅಂಥದೇ ಇಂಜೆಕ್ಷನ್ ಲಿರಾಗ್ಲುಟೈಡ್ 8 ವಾರ ಪರೀಕ್ಷಿಸಿದ್ರು. ತೂಕ ಇಳೀತು, ಚರ್ಮದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ದಪ್ಪ ಇದ್ದವರು ಊಟ, ನಡಿಗೆಯಿಂದ ತೂಕ ಇಳಿಸಿದರೂ ಸೋರಿಯಾಸಿಸ್ ಹಗುರಾಗೋದುಂಟು. ಅದಕ್ಕೆ ಖರ್ಚೂ ಇಲ್ಲ.

ಸಿಂಧನೂರು: ಮೇಡಮ್ಮೋರ, ಊರಾಗಿನ ಆರ್‌ಎಂಪಿ ಡಾಕ್ಟರ್ ಹತ್ರ ಅಣ್ಣ ಸೂಜಿ ಹಾಕಿಸ್ಕೋತಾನ. ವಾರದಾಗ ಚೊಲೋ ಆಗಿ, ಆಮ್ಯಾಲ ಇನ್ನೂ ಜಾಸ್ತಿ ಬರ್ತದ.

ಉತ್ತರ: ಇದನ್ನ ಮೊದ್ಲೇ ಹೇಳಬೇಕಿತ್ತ್ರಿ! ಗುಳಿಗೆಗಿಂತ ನನಗೆ ಈ ಸೂಜಿಯದೇ ಚಿಂತೆ. ನೀವು ಹೇಳೋದು ನೋಡಿದ್ರೆ ಸ್ಟೀರಾಯ್ಡ್ ಇರಬೇಕು. ಅದು ಬಿಟ್ಟ ಮೇಲೆ ಸೋರಿಯಾಸಿಸ್ ಮೈತುಂಬ ಎದ್ದು ಕೀವುಗುಳ್ಳೆ ಆಗಬಹುದು. ಶುಗರ್ ಇಲ್ಲದವರಿಗೂ ಶುಗರ್ ಏರಿಸ್ತದೆ. ಈ ವಾರವೇ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಚರ್ಮ ವಿಭಾಗಕ್ಕೆ ಕರ್ಕೊಂಡು ಹೋಗ್ರಿ, ಸೂಜಿ ಚೀಟಿ ಇದ್ರೆ ಜೊತೆಗಿರಲಿ. ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸ್ರಿ. ಜ್ವರ ಬಂದು ಮೈಯೆಲ್ಲ ಕೆಂಪಾದ್ರೆ ಕಾಯಬ್ಯಾಡ್ರಿ, ಅವತ್ತೇ ಹೋಗ್ರಿ.