ಸಹಾಯ ಬೇಕು: ಸಂಸ್ಥೆಯ ಸರ್ಚ್ ಮಾರ್ಕೆಟಿಂಗ್ ತಂಡವನ್ನು ಸರಿದಾರಿಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುತ್ತಾ ತೋಟದ ಕಾಫಿಪುಡಿ, ಕರಿಮೆಣಸನ್ನೂ ಮಾರುವ ಸಣ್ಣ ಸಂಸ್ಥೆ ನಮ್ಮದು. ಗೂಗಲ್ ಜಾಹೀರಾತು ಮತ್ತು ಎಸ್‌ಇಒ (ಜಾಹೀರಾತಿಲ್ಲದೆಯೇ ಗೂಗಲ್ ಹುಡುಕಾಟದಲ್ಲಿ ನಮ್ಮ ಜಾಲತಾಣ ಮೇಲೆ ಕಾಣುವಂತೆ ಮಾಡುವುದು) ಕೆಲಸಕ್ಕೆ ನಮ್ಮಲ್ಲೇ ಮೂವರಿದ್ದಾರೆ. ಎರಡು ವರ್ಷಗಳಿಂದ ಖರ್ಚು ಏರುತ್ತಿದೆಯೇ ಹೊರತು ಬುಕಿಂಗ್ ಏರಿಲ್ಲ. ತಿಂಗಳ ವರದಿಯಲ್ಲಿ ಕ್ಲಿಕ್ಕುಗಳ ಸಂಖ್ಯೆಯೇನೋ ದೊಡ್ಡದಾಗಿರುತ್ತದೆ. ಆದರೆ ಕಳೆದ ವಾರ ನಾನೇ ಕುಳಿತು, ಜನ ಏನೆಂದು ಹುಡುಕಿದಾಗ ನಮ್ಮ ಜಾಹೀರಾತು ಕಂಡಿತೆಂದು ತೋರಿಸುವ ಸರ್ಚ್ ಟರ್ಮ್ಸ್ ವರದಿಯನ್ನು ತೆರೆದಾಗ, ‘ಕೂರ್ಗ್ ಹೋಂಸ್ಟೇ ಕೆಲಸ ಖಾಲಿ’, ‘ಅಬ್ಬಿ ಜಲಪಾತ ಬಸ್ ಸಮಯ’ ಎಂದು ಹುಡುಕಿದವರ ಕ್ಲಿಕ್ಕಿಗೂ ನಾವು ಹಣ ಕಟ್ಟಿರುವುದು ಕಂಡಿತು. ಯಾವ ಪದಗಳನ್ನು ಹುಡುಕಿದವರಿಗೆ ಜಾಹೀರಾತು ತೋರಿಸಬಾರದೆಂದು ಸೂಚಿಸುವ ನೆಗೆಟಿವ್ ಕೀವರ್ಡ್ ಪಟ್ಟಿ ಖಾಲಿಯಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲಕ್ಕೂ ಅಕ್ಟೋಬರ್‌ನ ಕಾವೇರಿ ತೀರ್ಥೋದ್ಭವದ ಜನಸಂದಣಿಗೂ ದಿನದ ಬಜೆಟ್ ಒಂದೇ.

ತಪ್ಪು ಅವರದಷ್ಟೇ ಅಲ್ಲ. ನಮ್ಮ ಬಹುಪಾಲು ಬುಕಿಂಗ್ ಫೋನಿನಲ್ಲೇ ಆಗುತ್ತದೆ. ಆ ಕರೆಗಳನ್ನು ಕನ್ವರ್ಷನ್ (ಜಾಹೀರಾತಿನಿಂದ ಸಿಕ್ಕ ಫಲ) ಆಗಿ ದಾಖಲಿಸುವ ವ್ಯವಸ್ಥೆಯನ್ನು ನಾನು ಮಾಡಿಕೊಡದಿದ್ದುದರಿಂದ, ಯಾವ ಜಾಹೀರಾತು ಫಲ ಕೊಟ್ಟಿತೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಊರಿನ ಮಕ್ಕಳು, ಶ್ರಮಜೀವಿಗಳು. ಅವರನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಇಂತಹ ತಂಡವನ್ನು ನಡೆಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ: ಹೊರಗಿನ ಪರಿಣತರಿಂದ ಒಮ್ಮೆ ಖಾತೆಯ ತಪಾಸಣೆ ಮಾಡಿಸಬೇಕೇ, ಅಥವಾ ಮೊದಲು ತರಬೇತಿ ಕೊಡಿಸಬೇಕೇ? ಸುಧಾರಣೆಗೆ ಎಷ್ಟು ತಿಂಗಳ ಗಡುವು ನ್ಯಾಯವಾದದ್ದು? ಕ್ಲಿಕ್ಕಿನ ಬದಲು ಒಂದು ಬುಕಿಂಗಿಗೆ ತಗಲುವ ವೆಚ್ಚವನ್ನೇ ಅಳತೆಗೋಲಾಗಿಸಿದರೆ, ಎಸ್‌ಇಒ ನೋಡಿಕೊಳ್ಳುವವರ ಕೆಲಸವನ್ನು ಯಾವುದರಿಂದ ಅಳೆಯಬೇಕು?